ಚಿತ್ರ ಕುಗ್ಗಿಸಿದರೂ ಬಿಳಿ ಪರದೆ ಹೋಗುತ್ತಿಲ್ಲ: ಸಿಎಸ್‌ಎಸ್ ಎಲ್ಲೆಲ್ಲಿ ಪುಟವನ್ನು ಕಾಯಿಸುತ್ತದೆ?

ಪ್ರಶ್ನೆ: ನನ್ನ ಬ್ಲಾಗ್‌ನ ಚಿತ್ರಗಳನ್ನೆಲ್ಲ ಕುಗ್ಗಿಸಿದ್ದೇನೆ. ಆದರೂ ಮೊಬೈಲ್‌ನಲ್ಲಿ ಪುಟ ತೆರೆದರೆ ಮೂರು ಸೆಕೆಂಡಿನಷ್ಟು ಹೊತ್ತು ಬರೀ ಬಿಳಿ ಪರದೆ. ವೇಗ ಪರೀಕ್ಷೆಯಲ್ಲಿ ‘ರೆಂಡರ್ ತಡೆಯುವ ಕಡತಗಳು’, ‘ಬಳಕೆಯಾಗದ ಸಿಎಸ್‌ಎಸ್’ ಎಂಬ ಎರಡು ದೂರು ಬರುತ್ತಲೇ ಇವೆ. ಸಿಎಸ್‌ಎಸ್ (ಪುಟದ ಬಣ್ಣ, ಅಳತೆ, ಜೋಡಣೆಯ ನಿಯಮಗಳು) ಮಿನಿಫೈ ಮಾಡಿ, ಅಂದರೆ ಖಾಲಿ ಜಾಗ, ಟಿಪ್ಪಣಿ ತೆಗೆದು ನೋಡಿದೆ, ಏನೂ ವ್ಯತ್ಯಾಸವಾಗಲಿಲ್ಲ. ಮುಂದೇನು ಮಾಡಲಿ?

ಉತ್ತರ: ಮಿನಿಫೈ ಮಾಡಿದ್ದು ತಪ್ಪಲ್ಲ. ಆದರೆ ನಿಮ್ಮ ಪುಟಕ್ಕೆ ಹೊತ್ತು ಹಿಡಿಯುತ್ತಿರುವುದು ಕಡತದ ಗಾತ್ರದಿಂದಲ್ಲ, ಬ್ರೌಸರ್ ಮತ್ತು ಸರ್ವರ್ ನಡುವಿನ ಓಡಾಟದಿಂದ. ಲೆಕ್ಕ ಹಾಕಿ ನೋಡೋಣ. ಗೂಗಲ್‌ನ ವೇಗ ಪರೀಕ್ಷಾ ಸಾಧನ ಲೈಟ್‌ಹೌಸ್‌ನ ಮೊಬೈಲ್ ಪರೀಕ್ಷೆ ಸೆಕೆಂಡಿಗೆ 1.6 ಮೆಗಾಬಿಟ್ ವೇಗ ಮತ್ತು ಒಮ್ಮೆ ಹೋಗಿಬರಲು 150 ಮಿಲಿಸೆಕೆಂಡ್ ಎಂದು ಇಟ್ಟುಕೊಳ್ಳುತ್ತದೆ. ಮಿನಿಫೈಯಿಂದ ನಿಮಗೆ 5 ಕೆಬಿ ಉಳಿಯಿತು ಎನ್ನಿ. ಅದು 40 ಕಿಲೋಬಿಟ್, ಅಂದರೆ ಈ ವೇಗದಲ್ಲಿ 25 ಮಿಲಿಸೆಕೆಂಡ್. ಕಣ್ಣಿಗೆ ಗೊತ್ತೇ ಆಗದಷ್ಟು. ಈಗ ಅದೇ ಸಿಎಸ್‌ಎಸ್ ಒಳಗೆ ಬೇರೆ ಡೊಮೇನ್‌ನಿಂದ ಇನ್ನೊಂದು ಕಡತವನ್ನು ಕರೆಯುವ ಒಂದೇ ಒಂದು ಸಾಲು ಇದ್ದರೆ? ಡೊಮೇನ್‌ನ ವಿಳಾಸ ಹುಡುಕಲು ಒಂದು ಸುತ್ತು, ಟಿಸಿಪಿ ಸಂಪರ್ಕ ಕಟ್ಟಲು ಒಂದು, ಅದನ್ನು ಸುರಕ್ಷಿತಗೊಳಿಸುವ ಟಿಎಲ್‌ಎಸ್‌ಗೆ ಒಂದು, ಕಡತ ಕೇಳಿ ತರಲು ಇನ್ನೊಂದು. ನಾಲ್ಕು ಸುತ್ತಿಗೆ ಸುಮಾರು 600 ಮಿಲಿಸೆಕೆಂಡ್. ಕಡತ ಒಂದೇ ಕೆಬಿ ಇದ್ದರೂ ಅಷ್ಟೇ. ಹಾಗಾಗಿ ಮೊದಲು ಸುತ್ತುಗಳನ್ನು ಕಡಿಮೆ ಮಾಡಿ, ಆಮೇಲೆ ಬೇಡದ ನಿಯಮಗಳನ್ನು ಕಳೆಯಿರಿ. ಮಿನಿಫೈ ಕೊನೆಯ ಕೆಲಸ.

ಸಿಎಸ್‌ಎಸ್ ಪುಟವನ್ನು ತಡೆಯುವುದೇಕೆ ಎಂಬುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಹೆಡ್ ಭಾಗದಲ್ಲಿ ಸ್ಟೈಲ್‌ಶೀಟ್ ಲಿಂಕ್ ಕಂಡರೆ ಆ ಕಡತ ಪೂರ್ತಿ ಬಂದು ಓದಿ ಮುಗಿಯುವವರೆಗೆ ಬ್ರೌಸರ್ ಪರದೆಯ ಮೇಲೆ ಒಂದಕ್ಷರವನ್ನೂ ಮೂಡಿಸುವುದಿಲ್ಲ. ಕಡತದ ಕೊನೆಯ ಸಾಲು ಮೊದಲ ಸಾಲನ್ನು ರದ್ದುಮಾಡಬಹುದು, ಆದ್ದರಿಂದ ಅರ್ಧ ಓದಿ ಚಿತ್ರಿಸುವಂತಿಲ್ಲ. ಇದರ ಬಿಸಿ ಜಾವಾಸ್ಕ್ರಿಪ್ಟ್‌ಗೂ ತಟ್ಟುತ್ತದೆ. ಸ್ಟೈಲ್‌ಶೀಟ್ ಲಿಂಕ್‌ನ ಕೆಳಗೆ ಸಾಮಾನ್ಯ ಸ್ಕ್ರಿಪ್ಟ್ ಇದ್ದರೆ, ಅದು ಪುಟದೊಳಗೇ ಬರೆದ ಎರಡು ಸಾಲಿನದಾದರೂ, ಮೇಲಿನ ಸಿಎಸ್‌ಎಸ್ ಬರುವವರೆಗೆ ಓಡುವುದಿಲ್ಲ. ಸ್ಕ್ರಿಪ್ಟ್ ಯಾವುದೋ ಅಂಶದ ಅಗಲ, ಬಣ್ಣ ಕೇಳಬಹುದೆಂದು ಬ್ರೌಸರ್ ಅದನ್ನು ನಿಲ್ಲಿಸಿಕೊಳ್ಳುತ್ತದೆ. ಅದು ನಿಂತಿದ್ದಷ್ಟು ಹೊತ್ತು ಕೆಳಗಿನ ಎಚ್‌ಟಿಎಂಎಲ್ ಕಟ್ಟುವ ಕೆಲಸವೂ ನಿಲ್ಲುತ್ತದೆ. ಆದ್ದರಿಂದ ಪುಟದೊಳಗಿನ ಚಿಕ್ಕ ಸ್ಕ್ರಿಪ್ಟ್‌ಗಳನ್ನು ಸ್ಟೈಲ್‌ಶೀಟ್ ಲಿಂಕ್‌ಗಿಂತ ಮೇಲಕ್ಕೆ ಸರಿಸಿ, ಹೊರಗಿನಿಂದ ಬರುವವಕ್ಕೆ, ಪುಟ ಕಟ್ಟುವುದನ್ನು ನಿಲ್ಲಿಸದೆ ತರಿಸುವ ಡಿಫರ್ ಅಥವಾ ಅಸಿಂಕ್ ಗುಣ ಹಾಕಿ. ಐದು ನಿಮಿಷದ ಕೆಲಸ.

ಏನನ್ನಾದರೂ ಮುಟ್ಟುವ ಮೊದಲು ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿ. ಕ್ರೋಮ್‌ನಲ್ಲಿ ಖಾಸಗಿ ಕಿಟಕಿ ತೆರೆಯಿರಿ. ಸಾಮಾನ್ಯ ಕಿಟಕಿಯಲ್ಲಿ ನಿಮ್ಮ ಎಕ್ಸ್‌ಟೆನ್ಷನ್‌ಗಳೂ ತಮ್ಮ ಸಿಎಸ್‌ಎಸ್ ತುರುಕುತ್ತವೆ, ಅಳತೆ ಕೆಡುತ್ತದೆ. ಬ್ರೌಸರ್‌ನಲ್ಲೇ ಇರುವ ಪರಿಶೀಲನಾ ಸಾಧನ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕ್ಯಾಷ್ (ಹಿಂದೆ ಇಳಿಸಿಟ್ಟುಕೊಂಡ ಕಡತಗಳ ಸಂಗ್ರಹ) ನಿಷ್ಕ್ರಿಯಗೊಳಿಸಿ, ವೇಗವನ್ನು ‘ಸ್ಲೋ 4ಜಿ’ಗೆ ಇಳಿಸಿ, ಪುಟವನ್ನು ಮತ್ತೆ ತೆರೆಯಿರಿ. ಮೊದಲು ನೋಡಬೇಕಾದದ್ದು ಸಿಎಸ್‌ಎಸ್ ಅಲ್ಲ, ಪಟ್ಟಿಯ ಮೊದಲ ಸಾಲಿನ ಎಚ್‌ಟಿಎಂಎಲ್. ಸರ್ವರ್‌ನ ಮೊದಲ ಬೈಟ್ ಬರುವುದಕ್ಕೇ 800 ಮಿಲಿಸೆಕೆಂಡ್ ಮೀರುತ್ತಿದ್ದರೆ ಬಿಳಿ ಪರದೆಯ ಒಂದು ಪಾಲು ಹೋಸ್ಟಿಂಗ್‌ನದು. ಅದನ್ನು ಸಿಎಸ್‌ಎಸ್ ತಿದ್ದಿ ಸರಿಪಡಿಸಲಾಗದು. ಅದು ಸರಿಯಿದ್ದರೆ ಸಿಎಸ್‌ಎಸ್ ಫಿಲ್ಟರ್ ಒತ್ತಿ, ಇನಿಷಿಯೇಟರ್ ಎಂಬ ಕಾಲಂ ನೋಡಿ. ಯಾವ ಕಡತವನ್ನು ಯಾರು ಕರೆದರು ಎಂದು ಅಲ್ಲಿರುತ್ತದೆ. ಒಂದು ಸಿಎಸ್‌ಎಸ್ ಅನ್ನು ಇನ್ನೊಂದು ಸಿಎಸ್‌ಎಸ್ ಕರೆದಿದ್ದರೆ ಅದು ಸರಪಳಿ, ಅಲ್ಲಿಂದಲೇ ಶುರುಮಾಡಿ.

ಸರಪಳಿಯ ಮುಖ್ಯ ಕಾರಣ @ಇಂಪೋರ್ಟ್, ಅಂದರೆ ಒಂದು ಸಿಎಸ್‌ಎಸ್ ಒಳಗಿನಿಂದ ಇನ್ನೊಂದನ್ನು ಕರೆಯುವ ಸಾಲು. ಬ್ರೌಸರ್ ಎಚ್‌ಟಿಎಂಎಲ್ ಓದುವಾಗಲೇ ಅದರಲ್ಲೊಂದು ಭಾಗ ಮುಂದೋಡಿ, ಮುಂದೆ ಬೇಕಾಗುವ ಕಡತಗಳನ್ನು ಹೆಕ್ಕಿ ಒಟ್ಟಿಗೆ ತರಿಸಲು ಹೊರಡುತ್ತದೆ. ಎಚ್‌ಟಿಎಂಎಲ್‌ನಲ್ಲಿರುವ ಲಿಂಕ್‌ಗಳು ಅದಕ್ಕೆ ಕಾಣುತ್ತವೆ, ಹೊರಗಿನ ಸಿಎಸ್‌ಎಸ್ ಕಡತದೊಳಗಿನ @ಇಂಪೋರ್ಟ್ ಕಾಣುವುದಿಲ್ಲ. ಮೊದಲ ಕಡತ ಬಂದು, ಬಿಚ್ಚಿ ನೋಡಿದ ಮೇಲಷ್ಟೇ ಎರಡನೆಯದರ ಸುದ್ದಿ ಗೊತ್ತಾಗುವುದು. ಚೈಲ್ಡ್ ಥೀಮ್ (ಮೂಲ ಥೀಮ್‌ನ ಮೇಲೆ ನಿಮ್ಮ ತಿದ್ದುಪಡಿ ಸೇರಿಸುವ ಉಪಥೀಮ್) ಬಳಸುವವರು ವಿಶೇಷವಾಗಿ ಗಮನಿಸಿ: ಹಳೆಯ ಕ್ರಮದಲ್ಲಿ ಮಾಡಿದ ಚೈಲ್ಡ್ ಥೀಮ್‌ಗಳ ಮೊದಲ ಸಾಲೇ ಮೂಲ ಥೀಮ್‌ನ @ಇಂಪೋರ್ಟ್ ಆಗಿರುತ್ತದೆ. ಆ ಸಾಲು ತೆಗೆದು ಎರಡಕ್ಕೂ ಪ್ರತ್ಯೇಕ ಲಿಂಕ್ ಕೊಡಿ, ಇಲ್ಲವೇ ಎರಡನ್ನೂ ಒಂದೇ ಕಡತಕ್ಕೆ ಸೇರಿಸಿ. ಸೇರಿಸುವಾಗ ಅನುಕ್ರಮ ಕೆಡಬಾರದು: ಮೂಲ ಥೀಮ್ ಮೊದಲು, ನಿಮ್ಮ ತಿದ್ದುಪಡಿ ಆಮೇಲೆ. ಸಮಬಲದ ಎರಡು ನಿಯಮಗಳಲ್ಲಿ ಕೊನೆಗೆ ಬಂದದ್ದೇ ಗೆಲ್ಲುತ್ತದೆ. ‘ಕಡತ ಸೇರಿಸಿದ ಮೇಲೆ ಬಣ್ಣವೆಲ್ಲ ಬದಲಾಯಿತು’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

ಇನ್ನು ಫಾಂಟ್. ಬ್ಲಾಗ್‌ಗಳಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ಇದೇ ಎಂದು ನನ್ನ ಅಂದಾಜು. ಗೂಗಲ್ ಫಾಂಟ್ಸ್‌ನಿಂದ ತರಿಸಿದರೆ ಸಿಎಸ್‌ಎಸ್ ಒಂದು ಡೊಮೇನ್‌ನಿಂದ, ಫಾಂಟ್ ಕಡತ ಇನ್ನೊಂದು ಡೊಮೇನ್‌ನಿಂದ ಬರುತ್ತದೆ. ‘ಓದುಗರ ಬ್ರೌಸರ್‌ನಲ್ಲಿ ಬೇರೆ ತಾಣದಿಂದಾಗಿ ಅದು ಆಗಲೇ ಕ್ಯಾಷ್ ಆಗಿರುತ್ತದಲ್ಲ’ ಎಂಬ ವಾದ ಈಗ ನಿಲ್ಲುವುದಿಲ್ಲ. 2020ರಲ್ಲಿ ಕ್ರೋಮ್‌ನ 86ನೇ ಆವೃತ್ತಿಯಿಂದ ಕ್ಯಾಷ್ ಅನ್ನು ತಾಣವಾರು ಬೇರ್ಪಡಿಸಲಾಗಿದೆ, ಸಫಾರಿ ಅದಕ್ಕೂ ಮೊದಲೇ ಹಾಗೆ ಮಾಡಿತ್ತು. ಒಂದು ತಾಣಕ್ಕಾಗಿ ಇಳಿಸಿದ ಫಾಂಟ್ ಇನ್ನೊಂದಕ್ಕೆ ಸಿಗುವುದಿಲ್ಲ. ಹಲವು ತಾಣಗಳು ಹಂಚಿಕೊಳ್ಳುವ ಕಡತ ಪೂರೈಕೆ ಜಾಲದಿಂದ (ಸಿಡಿಎನ್) ತರಿಸುವ, ಬೂಟ್‌ಸ್ಟ್ರಾಪ್‌ನಂಥ ಸಿದ್ಧ ಸಿಎಸ್‌ಎಸ್‌ಗೂ ಇದೇ ಮಾತು. ಆದ್ದರಿಂದ ಫಾಂಟ್ ಕಡತವನ್ನು ನಿಮ್ಮ ಡೊಮೇನ್‌ನಲ್ಲೇ ಇಟ್ಟುಕೊಳ್ಳಿ. ವೆಬ್‌ಗಾಗಿ ಕುಗ್ಗಿಸಿದ ವಾಫ್2 ಒಂದೇ ರೂಪ ಸಾಕು, ಹಳೆಯ ನಾಲ್ಕು ರೂಪಗಳ ಪಟ್ಟಿ ಬೇಡ. ಸಾಮಾನ್ಯ ಮತ್ತು ದಪ್ಪ, ಈ ಎರಡು ತೂಕಕ್ಕಿಂತ ಹೆಚ್ಚು ಇಡಬೇಡಿ, ಪ್ರತಿ ತೂಕವೂ ಒಂದೊಂದು ಕಡತ.

ಕನ್ನಡ ಫಾಂಟ್‌ಗಳಲ್ಲಿ ಒಂದು ಅಪಾಯವಿದೆ. ಗಾತ್ರ ಇಳಿಸಲು ಫಾಂಟ್‌ನ ಬೇಡದ ಅಕ್ಷರಗಳನ್ನು ಕತ್ತರಿಸುವುದುಂಟು. ಒತ್ತಕ್ಷರ, ಅರ್ಕಾವತ್ತುಗಳ ಆಕಾರಗಳಿಗೆ ಸ್ವಂತ ಯೂನಿಕೋಡ್ ಸಂಖ್ಯೆ ಇಲ್ಲ. ಫಾಂಟ್‌ನೊಳಗಿನ ಓಪನ್‌ಟೈಪ್ ಕೋಷ್ಟಕಗಳು ಅವನ್ನು ಜೋಡಿಸುತ್ತವೆ. ಇದು ತಿಳಿಯದ ಸಾಧನದಲ್ಲಿ ಕತ್ತರಿಸಿದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಫಾಂಟ್‌ಟೂಲ್ಸ್‌ನಂಥ ಸಾಧನದಲ್ಲಿ ಲೇಔಟ್ ವೈಶಿಷ್ಟ್ಯಗಳನ್ನೆಲ್ಲ ಉಳಿಸಿಕೊಳ್ಳಲು ಹೇಳಿ. ಆಮೇಲೆ ರಾಷ್ಟ್ರ, ಸ್ತ್ರೀ, ಧರ್ಮ, ಲಕ್ಷ್ಮಿ, ಜ್ಞಾನ, ಇಷ್ಟನ್ನಾದರೂ ಬರೆದು ಕಣ್ಣಾರೆ ನೋಡಿ. ಫಾಂಟ್ ಯಾವ ಅಕ್ಷರಗಳಿಗೆ ಎಂದು ಹೇಳುವ ಯೂನಿಕೋಡ್-ರೇಂಜ್ ಬರೆಯುವಾಗ ಕನ್ನಡ ವಿಭಾಗದ 128 ಸ್ಥಾನಗಳ ಜೊತೆಗೆ ಅಕ್ಷರ ಕೂಡಿಸುವ, ಬಿಡಿಸುವ ಕಾಣದ ಚಿಹ್ನೆಗಳಾದ ಝೀರೋ ವಿಡ್ತ್ ಜಾಯ್ನರ್, ನಾನ್‌ಜಾಯ್ನರ್ ಮತ್ತು ದೇವನಾಗರಿ ವಿಭಾಗದಲ್ಲಿರುವ ದಂಡ ಚಿಹ್ನೆಗಳೂ ಇರಲಿ.

ಫಾಂಟ್ ಬರುವವರೆಗೆ ಬ್ರೌಸರ್ ಏನು ಮಾಡಬೇಕು ಎಂಬುದನ್ನು ಫಾಂಟ್-ಡಿಸ್‌ಪ್ಲೇ ಎಂಬ ಸಿಎಸ್‌ಎಸ್ ಸಾಲು ನಿರ್ಧರಿಸುತ್ತದೆ. ಏನೂ ಬರೆಯದಿದ್ದರೆ ಬಹುತೇಕ ಬ್ರೌಸರ್‌ಗಳು ಸುಮಾರು ಮೂರು ಸೆಕೆಂಡ್ ಅಕ್ಷರಗಳನ್ನೇ ಅಡಗಿಸಿಡುತ್ತವೆ. ನೀವು ಹೇಳುವ ಬಿಳಿ ಪರದೆಯಲ್ಲಿ ಥೀಮ್‌ನ ಬಣ್ಣದ ಪಟ್ಟಿ ಕಾಣುತ್ತಿದ್ದು ಅಕ್ಷರ ಮಾತ್ರ ಇಲ್ಲವಾದರೆ ಕಾರಣ ಇದೇ. ‘ಸ್ವಾಪ್’ ಕೊಟ್ಟರೆ ಸಾಧನದಲ್ಲಿರುವ ಫಾಂಟ್‌ನಲ್ಲಿ ತಕ್ಷಣ ಬರಹ ಮೂಡಿ, ಆಮೇಲೆ ಬದಲಾಗುತ್ತದೆ. ಬದಲಾಗುವಾಗ ಸಾಲುಗಳು ಕುಣಿಯುತ್ತವೆ, ಪುಟ ಎಷ್ಟು ಜಿಗಿಯಿತೆಂದು ಅಳೆಯುವ ಸಿಎಲ್‌ಎಸ್ ಅಂಕ ಕೆಡಬಹುದು. ‘ಆಪ್ಷನಲ್’ ಕೊಟ್ಟರೆ ಫಾಂಟ್ ಬೇಗ ಬರದಿದ್ದಾಗ ಆ ಭೇಟಿಗೆ ಅದನ್ನು ಕೈಬಿಟ್ಟು, ಮುಂದಿನ ಸಲಕ್ಕೆ ಕ್ಯಾಷ್‌ನಲ್ಲಿ ಇಟ್ಟುಕೊಳ್ಳುತ್ತದೆ. ಓದುವ ಬರಹಕ್ಕೆ ನಾನು ಆಪ್ಷನಲ್ ಅನ್ನೇ ಹೇಳುತ್ತೇನೆ. ಪ್ರಿಲೋಡ್ ಮಾಡುವುದಿದ್ದರೆ, ಅಂದರೆ ಮುಂಚಿತವಾಗಿಯೇ ತರಿಸುವುದಿದ್ದರೆ, ಮುಖ್ಯ ಬರಹದ ಒಂದೇ ಫಾಂಟ್‌ಗೆ ಮಾಡಿ, ಆ ಟ್ಯಾಗ್‌ನಲ್ಲಿ ಕ್ರಾಸ್ಒರಿಜಿನ್ ಗುಣ ಇರಲೇಬೇಕು. ಫಾಂಟ್ ನಿಮ್ಮದೇ ಡೊಮೇನ್‌ನಲ್ಲಿದ್ದರೂ ಅದಿಲ್ಲದಿದ್ದರೆ ಕಡತ ಎರಡು ಸಲ ಇಳಿಯುತ್ತದೆ.

ಇಷ್ಟೆಲ್ಲ ಯಾಕೆ ಎನಿಸಿದರೆ ವೆಬ್ ಫಾಂಟನ್ನೇ ಬಿಡಿ. ಆಂಡ್ರಾಯ್ಡ್‌ನಲ್ಲಿ ನೋಟೋ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಪಲ್ ಸಾಧನಗಳಲ್ಲಿ ಕನ್ನಡ ಸಂಗಮ್ ಇರುತ್ತವೆ. ತಲೆಬರಹಕ್ಕೆ ಮಾತ್ರ ವಿಶೇಷ ಫಾಂಟ್ ಇಟ್ಟುಕೊಂಡು ಬರಹವನ್ನು ಇವುಗಳ ಪಾಲಿಗೆ ಬಿಟ್ಟರೆ ತಪ್ಪೇನಿಲ್ಲ. ಹಂಚಿಕೆ ಗುಂಡಿಗಳ ನಾಲ್ಕೈದು ಐಕಾನ್‌ಗಳಿಗಾಗಿ ಇಡೀ ಐಕಾನ್ ಫಾಂಟ್ ಮತ್ತು ಅದರ ಸಿಎಸ್‌ಎಸ್ ಹೊರುವುದಂತೂ ದಂಡ. ಆ ಐಕಾನ್‌ಗಳನ್ನು ಎಸ್‌ವಿಜಿಯಾಗಿ ಪುಟದೊಳಗೇ ಇಡಿ.

ಈಗ ‘ಬಳಕೆಯಾಗದ ಸಿಎಸ್‌ಎಸ್’ ಎಂಬ ಎರಡನೇ ದೂರು. ಡೆವ್‌ಟೂಲ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ ‘ಕವರೇಜ್’ ಎಂದು ಹುಡುಕಿ ತೆರೆಯಿರಿ. ಪುಟ ಮತ್ತೆ ತೆರೆದಾಗ ಪ್ರತಿ ಕಡತದ ಎಷ್ಟು ಪಾಲು ಬಳಕೆಯಾಯಿತೆಂದು ತೋರಿಸುತ್ತದೆ. ಸಿದ್ಧ ಥೀಮ್‌ಗಳಲ್ಲಿ ಬಳಕೆಯಾಗದ್ದನ್ನು ಸೂಚಿಸುವ ಕೆಂಪು ಪಾಲೇ ಹೆಚ್ಚಿದ್ದರೆ ಗಾಬರಿಯಾಗಬೇಡಿ, ಕೆಂಪಾದದ್ದನ್ನೆಲ್ಲ ಅಳಿಸಲೂ ಹೋಗಬೇಡಿ. ಈ ಪುಟದಲ್ಲಿ, ಈ ಅಗಲದ ಪರದೆಯಲ್ಲಿ, ಈ ಕ್ಷಣದವರೆಗೆ ಬಳಕೆಯಾಗಿಲ್ಲ ಎಂಬುದಷ್ಟೇ ಅದರ ಅರ್ಥ. ಮೆನು ತೆರೆದಾಗ ಬೇಕಾಗುವ ನಿಯಮ, ಫಾರ್ಮ್ ತಪ್ಪಾದಾಗ ಬರುವ ಕೆಂಪು ಅಂಚು, ಚಿತ್ರ ಒತ್ತಿದಾಗ ತೆರೆಯುವ ಲೈಟ್‌ಬಾಕ್ಸ್, ಅಗಲ ಪರದೆಗೆ ಮಾತ್ರ ಅನ್ವಯಿಸುವ ಮೀಡಿಯಾ ಕ್ವೆರಿ, ಮುದ್ರಣದ ನಿಯಮಗಳು, ಎಲ್ಲವೂ ಕೆಂಪಾಗಿಯೇ ಕಾಣುತ್ತವೆ.

ಮೊದಲು ಇಡೀ ಕಡತಗಳನ್ನು ತೆಗೆಯಬಹುದೇ ನೋಡಿ. ಅದರಲ್ಲಿ ಲಾಭ ಹೆಚ್ಚು, ಅಪಾಯ ಕಡಿಮೆ. ವರ್ಡ್‌ಪ್ರೆಸ್‌ನಲ್ಲಿ ಸಂಪರ್ಕ ಫಾರ್ಮ್, ಸ್ಲೈಡರ್, ಗ್ಯಾಲರಿ ಪ್ಲಗಿನ್‌ಗಳು ತಾವಿಲ್ಲದ ಪುಟಗಳಿಗೂ ತಮ್ಮ ಸಿಎಸ್‌ಎಸ್ ಹೊರಿಸುವುದುಂಟು. ಸ್ಟೈಲ್ ಡಿಕ್ಯೂ ಮಾಡುವ, ಅಂದರೆ ಪುಟದ ಪಟ್ಟಿಯಿಂದ ತೆಗೆಯುವ ಫಂಕ್ಷನ್ ಬಳಸಿ ಬೇಕಾದ ಪುಟಕ್ಕೆ ಮಾತ್ರ ಉಳಿಸಿ. ಬ್ಲಾಕ್ ಸಂಪಾದಕ ಬಳಸದೆ ಹಳೆಯ ಸಂಪಾದಕದಲ್ಲೇ ಬರೆಯುವವರು ಬ್ಲಾಕ್ ಲೈಬ್ರರಿಯ ಸಿಎಸ್‌ಎಸ್ ಅನ್ನೂ ತೆಗೆಯಬಹುದು. ಬ್ಲಾಗರ್‌ನಲ್ಲಿ ಥೀಮ್‌ನ ಸಿಎಸ್‌ಎಸ್ ಸ್ಕಿನ್ ಭಾಗದಿಂದ ಪುಟದೊಳಗೇ ಬರುತ್ತದೆ. ಅಂದರೆ ತಡೆಯುವ ಪ್ರತ್ಯೇಕ ಕಡತವಿಲ್ಲ, ಆದರೆ ಪ್ರತಿ ಪುಟವೂ ಅದನ್ನು ಹೊತ್ತೇ ಬರುತ್ತದೆ. ಅಲ್ಲಿ ಕತ್ತರಿಸಿದ ಒಂದೊಂದು ಕೆಬಿಯೂ ಪ್ರತಿ ಪುಟದಲ್ಲಿ ಉಳಿತಾಯ. ಇದರ ಮೇಲೆ ಗ್ಯಾಜೆಟ್‌ಗಳಿಗೆಂದು ಬ್ಲಾಗರ್ ಸೇರಿಸುವ ಹೊರಗಿನ ಕಡತವನ್ನು, ಟೆಂಪ್ಲೇಟ್‌ನ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಬಿ:ಸಿಎಸ್‌ಎಸ್ ಎಂಬ ಗುಣಕ್ಕೆ ‘ಫಾಲ್ಸ್’ ಕೊಟ್ಟು ನಿಲ್ಲಿಸಬಹುದು. ಟೆಂಪ್ಲೇಟ್‌ನ ಪ್ರತಿ ಇಳಿಸಿಟ್ಟುಕೊಂಡೇ ಮಾಡಿ, ಕೆಲವು ಗ್ಯಾಜೆಟ್‌ಗಳು ಅದನ್ನೇ ನೆಚ್ಚಿಕೊಂಡಿರುತ್ತವೆ.

ಉಳಿದ ಕಡತದೊಳಗಿನ ನಿಯಮಗಳನ್ನು ಕಳೆಯಲು ಪರ್ಜ್‌ಸಿಎಸ್‌ಎಸ್‌ನಂಥ ಸಾಧನ ಬಳಸಿ. ಅದು ನಿಮ್ಮ ಟೆಂಪ್ಲೇಟ್‌ಗಳನ್ನೂ ಸ್ಕ್ರಿಪ್ಟ್‌ಗಳನ್ನೂ ಹುಡುಕಿ, ಅಲ್ಲೆಲ್ಲೂ ಕಾಣದ ಕ್ಲಾಸ್‌ಗಳ (ಪುಟದ ಅಂಶಗಳಿಗೆ ಕೊಟ್ಟ ಗುರುತು ಹೆಸರುಗಳ) ನಿಯಮಗಳನ್ನು ತೆಗೆದುಬಿಡುತ್ತದೆ. ಎಡವುವುದು ಎಲ್ಲಿ ಎಂದರೆ, ಸ್ಕ್ರಿಪ್ಟ್‌ನಲ್ಲಿ ತುಂಡು ತುಂಡಾಗಿ ಜೋಡಿಸಿದ ಕ್ಲಾಸ್ ಹೆಸರುಗಳಲ್ಲಿ. ‘ಬಟನ್-’ ಎಂಬುದಕ್ಕೆ ಬಣ್ಣದ ಹೆಸರು ಅಂಟಿಸಿ ಮಾಡಿದ ಕ್ಲಾಸ್ ಪೂರ್ತಿಯಾಗಿ ಎಲ್ಲೂ ಬರೆದಿರುವುದಿಲ್ಲ, ಹಾಗಾಗಿ ಸಾಧನಕ್ಕೆ ಸಿಗುವುದಿಲ್ಲ. ಸಂಪಾದಕದಲ್ಲಿ ಬರೆದ ಲೇಖನಗಳೊಳಗಿನ ಕ್ಲಾಸ್‌ಗಳೂ ಅಷ್ಟೆ, ಅವು ಡೇಟಾಬೇಸ್‌ನಲ್ಲಿರುತ್ತವೆ, ಟೆಂಪ್ಲೇಟ್‌ನಲ್ಲಲ್ಲ. ಇಂಥವನ್ನು ಸೇಫ್‌ಲಿಸ್ಟ್‌ಗೆ, ಅಂದರೆ ಅಳಿಸಬಾರದವುಗಳ ಪಟ್ಟಿಗೆ ಸೇರಿಸಿ. ಮುಗಿದ ಮೇಲೆ ಮುಖಪುಟ, ಉದ್ದನೆಯ ಲೇಖನ, ಕೋಷ್ಟಕ ಅಥವಾ ಉಲ್ಲೇಖವಿರುವ ಲೇಖನ, ಪ್ರತಿಕ್ರಿಯೆಗಳಿರುವ ಪುಟ, ಹುಡುಕಾಟದಲ್ಲಿ ಏನೂ ಸಿಗದ ಪುಟ, 404 ಪುಟ, ಇವನ್ನೆಲ್ಲ ಮೊಬೈಲ್ ಅಗಲದಲ್ಲೂ ದೊಡ್ಡ ಪರದೆಯಲ್ಲೂ ತೆರೆದು, ಮೆನು ಒತ್ತಿ ನೋಡಿ.

ಇನ್ನು ‘ಕ್ರಿಟಿಕಲ್ ಸಿಎಸ್‌ಎಸ್’ ಎಂಬ ಜನಪ್ರಿಯ ಮದ್ದು. ಮೊದಲ ಪರದೆಗೆ ಬೇಕಾದ ನಿಯಮಗಳನ್ನಷ್ಟೇ ಎಚ್‌ಟಿಎಂಎಲ್‌ನ ಹೆಡ್‌ನೊಳಗೆ ಬರೆದು, ಉಳಿದ ಕಡತವನ್ನು ತಡೆಯಿಲ್ಲದೆ ಆಮೇಲೆ ತರಿಸುವ ವಿಧಾನ ಅದು. ತರಿಸುವುದಕ್ಕೆ ಲಿಂಕ್ ಟ್ಯಾಗ್‌ನ ಮೀಡಿಯಾ ಗುಣವನ್ನು ‘ಪ್ರಿಂಟ್’ ಎಂದು ಬರೆದು, ಲೋಡ್ ಆದ ಕೂಡಲೇ ಅದನ್ನು ‘ಆಲ್’ಗೆ ಬದಲಿಸುತ್ತಾರೆ. ಮುದ್ರಣದ ಸಿಎಸ್‌ಎಸ್‌ಗಾಗಿ ಬ್ರೌಸರ್ ಪರದೆಯನ್ನು ತಡೆಹಿಡಿಯುವುದಿಲ್ಲ ಎಂಬುದೇ ಇದರ ಗುಟ್ಟು. ಜಾವಾಸ್ಕ್ರಿಪ್ಟ್ ಇಲ್ಲದವರಿಗಾಗಿ ನೋಸ್ಕ್ರಿಪ್ಟ್ ಒಳಗೆ ಸಾಮಾನ್ಯ ಲಿಂಕ್ ಇರಲಿ. ಪುಟದೊಳಗೆ ಎಷ್ಟು ಇಡಬಹುದು? ಹೊಸ ಟಿಸಿಪಿ ಸಂಪರ್ಕದಲ್ಲಿ ಸರ್ವರ್ ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಹತ್ತು ಪ್ಯಾಕೆಟ್, ಅಂದರೆ 14 ಕೆಬಿಯಷ್ಟು ಕಳಿಸುತ್ತದೆ. ಕುಗ್ಗಿಸಿದ ಎಚ್‌ಟಿಎಂಎಲ್‌ನ ಮೊದಲ ಭಾಗವೂ ಈ ಸಿಎಸ್‌ಎಸ್‌ ಕೂಡ ಅದರೊಳಗೆ ಹಿಡಿಸಿದರೆ ಒಂದೇ ಸುತ್ತಿನಲ್ಲಿ ಬರಹ ಮೂಡುತ್ತದೆ.

ಕೇಳಲು ಚೆನ್ನಾಗಿದೆ, ಆದರೆ ಎಲ್ಲರಿಗೂ ನಾನಿದನ್ನು ಹೇಳುವುದಿಲ್ಲ. ಮುಖಪುಟದಿಂದ ತೆಗೆದ ಕ್ರಿಟಿಕಲ್ ನಿಯಮಗಳು ಲೇಖನದ ಪುಟಕ್ಕೆ ಹೊಂದುವುದಿಲ್ಲ, ಪ್ರತಿ ಬಗೆಯ ಪುಟಕ್ಕೂ ಬೇರೆ ಬೇರೆ ತೆಗೆಯಬೇಕು. ಥೀಮ್‌ನಲ್ಲಿ ಒಂದು ಅಂಚು ಬದಲಿಸಿದರೂ ಮತ್ತೆ ತೆಗೆಯಬೇಕು. ಒಂದು ನಿಯಮ ತಪ್ಪಿಹೋದರೂ ಉಳಿದ ಸಿಎಸ್‌ಎಸ್ ಬಂದಾಗ ಪುಟ ಜಿಗಿಯುತ್ತದೆ, ಮೊದಲ ಚಿತ್ರಣದಲ್ಲಿ ಗಳಿಸಿದ್ದನ್ನು ಸಿಎಲ್‌ಎಸ್‌ನಲ್ಲಿ ಕಳೆದುಕೊಳ್ಳುತ್ತೀರಿ. ಸರಪಳಿ ಮುರಿದು, ಬೇಡದ್ದು ಕಳೆದ ಮೇಲೆ ನಿಮ್ಮ ಇಡೀ ಸಿಎಸ್‌ಎಸ್ ಕುಗ್ಗಿಸಿದ ರೂಪದಲ್ಲಿ 10 ಕೆಬಿಯೊಳಗೆ ನಿಂತರೆ ಸೀಳುವ ಗೋಜೇ ಬೇಡ. ನಿಮ್ಮದೇ ಡೊಮೇನ್‌ನ ಒಂದೇ ಕಡತವಾಗಿ ಹಾಗೇ ಬಿಡಿ. ಇಡೀ ಸಿಎಸ್‌ಎಸ್ ಅನ್ನೇ ಪ್ರಿಂಟ್ ಉಪಾಯದಿಂದ ತರಿಸುವವರೂ ಇದ್ದಾರೆ. ಪರೀಕ್ಷೆಯ ಒಂದು ದೂರು ಮಾಯವಾಗುತ್ತದೆ ನಿಜ, ಓದುಗರಿಗೆ ಮಾತ್ರ ಮೊದಲು ಬೆತ್ತಲೆ ಪುಟ ಕಂಡು ಆಮೇಲೆ ಬಟ್ಟೆ ತೊಟ್ಟ ಪುಟ ಕಾಣುತ್ತದೆ.

ಕಂಪ್ರೆಷನ್ ಮತ್ತು ಕ್ಯಾಷ್ ವಿಷಯ ಬೇಗ ಮುಗಿಯುತ್ತದೆ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಸಿಎಸ್‌ಎಸ್ ಕಡತ ಒತ್ತಿ, ಕಂಟೆಂಟ್-ಎನ್‌ಕೋಡಿಂಗ್ ಹೆಡರ್‌ನಲ್ಲಿ ಜಿಜಿಪ್ ಅಥವಾ ಬ್ರಾಟ್ಲಿಯ ಸಂಕೇತ ಇದೆಯೇ ನೋಡಿ. ಎರಡೂ ಇಲ್ಲವಾದರೆ ಬೇರೆಲ್ಲ ಬಿಟ್ಟು ಅದನ್ನೇ ಮೊದಲು ಸರಿಪಡಿಸಿ, ಸಿಎಸ್‌ಎಸ್‌ನಲ್ಲಿ ಒಂದೇ ಪದಗಳು ಮತ್ತೆ ಮತ್ತೆ ಬರುವುದರಿಂದ ಅದು ತುಂಬ ಚೆನ್ನಾಗಿ ಕುಗ್ಗುತ್ತದೆ. ನಿಮ್ಮ ಮಿನಿಫೈ ಫಲ ಕೊಡದಿದ್ದುದಕ್ಕೆ ಇದೂ ಒಂದು ಕಾರಣ: ಖಾಲಿ ಜಾಗಗಳನ್ನು ಕಂಪ್ರೆಷನ್ ಆಗಲೇ ಹಿಂಡಿರುತ್ತದೆ. ಕ್ಯಾಷ್-ಕಂಟ್ರೋಲ್‌ನಲ್ಲಿ ಒಂದು ವರ್ಷದ ಅವಧಿ, ಅಂದರೆ 31536000 ಸೆಕೆಂಡ್ ಕೊಡಿ. ಆದರೆ ಕಡತ ಬದಲಿಸಿದಾಗಲೆಲ್ಲ ಅದರ ಹೆಸರಿನಲ್ಲಿ ಆವೃತ್ತಿ ಸಂಖ್ಯೆಯನ್ನೂ ಬದಲಿಸಬೇಕು. ಇಲ್ಲದಿದ್ದರೆ ಹಳೆಯ ಓದುಗರಿಗೆ ಹೊಸ ಎಚ್‌ಟಿಎಂಎಲ್ ಮೇಲೆ ಹಳೆಯ ಸಿಎಸ್‌ಎಸ್ ಕೂತು ಪುಟ ವಿಕಾರವಾಗಿ ಕಾಣುತ್ತದೆ, ನಿಮ್ಮ ಕಂಪ್ಯೂಟರ್‌ನಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಕಡತದೊಳಗೆ ಇನ್ನೆರಡು ಕಡೆ ಕಣ್ಣಾಡಿಸಿ. ಬೇಸ್64 ಎಂಬ ಅಕ್ಷರ ರೂಪದಲ್ಲಿ ಅಡಕಿಸಿದ ಚಿತ್ರ ಅಥವಾ ಫಾಂಟ್ ಇದ್ದರೆ ಹೊರಗೆ ತೆಗೆಯಿರಿ. ಹಾಗೆ ಬರೆದಾಗ ಮೂರನೇ ಒಂದು ಪಾಲು ದಪ್ಪಗಾಗುವುದಲ್ಲದೆ, ತಡೆಯುವ ಕಡತದೊಳಗೇ ಕೂತು ಎಲ್ಲವನ್ನೂ ಕಾಯಿಸುತ್ತದೆ. ಲೇಖನದ ಮೇಲಿನ ದೊಡ್ಡ ಚಿತ್ರ ಸಿಎಸ್‌ಎಸ್‌ನ ಬ್ಯಾಕ್‌ಗ್ರೌಂಡ್ ಆಗಿದ್ದರೆ ಅದನ್ನು ಎಚ್‌ಟಿಎಂಎಲ್‌ನ ಇಮೇಜ್ ಟ್ಯಾಗ್‌ಗೆ ತನ್ನಿ, ಅಗಲ ಮತ್ತು ಎತ್ತರ ಬರೆಯಿರಿ, ಬೇಗ ತರಿಸುವಂತೆ ಫೆಚ್‌ಪ್ರಯಾರಿಟಿ ಎಂಬ ಗುಣಕ್ಕೆ ‘ಹೈ’ ಕೊಡಿ. ಬ್ಯಾಕ್‌ಗ್ರೌಂಡ್ ಆಗಿದ್ದಾಗ ಸಿಎಸ್‌ಎಸ್ ಬಂದ ಮೇಲಷ್ಟೇ ಬ್ರೌಸರ್‌ಗೆ ಅದರ ವಿಳಾಸ ತಿಳಿಯುತ್ತದೆ, ಎಲ್‌ಸಿಪಿ (ಪರದೆಯ ಅತಿ ದೊಡ್ಡ ಅಂಶ ಮೂಡುವ ಹೊತ್ತು) ಅಷ್ಟು ಹಿಂದೆ ಬೀಳುತ್ತದೆ. ನಿಯಮ ಯಾವ ಅಂಶಕ್ಕೆ ಎಂದು ಹೇಳುವ ಸೆಲೆಕ್ಟರ್‌ಗಳನ್ನು ಚಿಕ್ಕದಾಗಿಸಿ ವೇಗ ಗಳಿಸುವ ಸಲಹೆಗಳು ಅಲ್ಲಲ್ಲಿ ಸಿಗುತ್ತವೆ. ಬ್ಲಾಗ್‌ನಷ್ಟು ಸಣ್ಣ ಪುಟಕ್ಕೆ ಅದು ವ್ಯರ್ಥ ಶ್ರಮ.

ಒಂದು ಬದಲಾವಣೆ ಮಾಡಿದ ಮೇಲೆ ಲೈಟ್‌ಹೌಸ್ ಅನ್ನು ಮೂರು ಸಲ ಓಡಿಸಿ ನಡುವಿನ ಅಂಕಿಯನ್ನು ಬರೆದುಕೊಳ್ಳಿ, ಆಮೇಲೆ ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಪುಟ ಕೆಡಿಸಿತು ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ಮೊದಲ ಚಿತ್ರಣ 1.8 ಸೆಕೆಂಡ್, ಎಲ್‌ಸಿಪಿ 2.5 ಸೆಕೆಂಡ್, ಸಿಎಲ್‌ಎಸ್ 0.1, ಇವುಗಳ ಒಳಗೆ ಬಂದರೆ ನಿಲ್ಲಿಸಬಹುದು. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನ ಮೇಲ್ಭಾಗದಲ್ಲಿ ನಿಜವಾದ ಬಳಕೆದಾರರ ಅಂಕಿ ಬರುತ್ತಿದ್ದರೆ ಅದು ತಕ್ಷಣ ಬದಲಾಗಲಿಲ್ಲವೆಂದು ಕೆಲಸ ಕೆಟ್ಟಿತೆಂದುಕೊಳ್ಳಬೇಡಿ. ಅದು ಹಿಂದಿನ 28 ದಿನಗಳ ಭೇಟಿಗಳನ್ನು ಒಟ್ಟುಗೂಡಿಸಿದ ಲೆಕ್ಕ, ನಿಮ್ಮ ತಿದ್ದುಪಡಿ ಅದರಲ್ಲಿ ಪೂರ್ತಿ ಕಾಣಲು ಅಷ್ಟೇ ದಿನ ಬೇಕು. ಓದುಗರ ಸಂಖ್ಯೆ ಕಡಿಮೆಯಿರುವ ತಾಣಗಳಿಗೆ ಆ ಭಾಗ ಖಾಲಿಯೇ ಇರಬಹುದು.